ಟೂ ಆಫ್ ಕಪ್ಸ್, ಸೆವೆನ್ ಆಫ್ ಸ್ವೋರ್ಡ್ಸ್, ಮೂನ್: ಮೂರೂ ಒಟ್ಟಿಗೆ ಬಂದ್ರೆ ಮೋಸ ಅಂತಲೇ ಅರ್ಥವಾ?

ಇರುಳಹಕ್ಕಿ

ಎಲ್ಲರಿಗೂ ನಮಸ್ಕಾರ. ಟ್ಯಾರೋ, ಅಂದ್ರೆ ಚಿತ್ರದ ಕಾರ್ಡ್ ತೆಗೆದು ಅರ್ಥ ಓದೋದನ್ನ, ಕಲಿಯೋಕೆ ಶುರು ಮಾಡಿ ಎಂಟು ತಿಂಗಳಾಯ್ತು. ಗೆಳತಿಯರಿಗೆ ಓದಿ ಹೇಳುವಾಗ ಅಷ್ಟಾಗಿ ತಡವರಿಸಲ್ಲ. ನನ್ನದೇ ವಿಷಯ ಬಂದಾಗ ಮಾತ್ರ ಕೈಕಾಲೇ ಆಡ್ತಿಲ್ಲ.

ನಾನು, ಅವನು ಜೊತೆಯಾಗಿ ಮೂರು ವರ್ಷ. ಕೆಲಸದ ಮೇಲೆ ಅವನು ಬೇರೆ ಊರಿಗೆ ಹೋಗಿ ಐದು ತಿಂಗಳು. ಒಂದು ತಿಂಗಳಿಂದ ಮಾತು ಕಡಿಮೆ. ಮೆಸೇಜ್ ಹಾಕಿದ್ರೆ ನಾಲ್ಕೈದು ಗಂಟೆ ಬಿಟ್ಟು ಒಂದು ಸಾಲು ಬರುತ್ತೆ. ಸೋಮವಾರ ರಾತ್ರಿ "ಅವನ ಮನಸ್ಸಲ್ಲಿ ಬೇರೆ ಯಾರಾದ್ರೂ ಇದ್ದಾರಾ?" ಅಂತ ಕೇಳಿ ಮೂರು ಕಾರ್ಡ್ ತೆಗೆದೆ. ಎಡದಿಂದ ಬಲಕ್ಕೆ ಟೂ ಆಫ್ ಕಪ್ಸ್, ಸೆವೆನ್ ಆಫ್ ಸ್ವೋರ್ಡ್ಸ್, ದಿ ಮೂನ್. ಮೂರೂ ತಲೆಕೆಳಗಾಗದೆ ನೇರವಾಗಿಯೇ ಬಂದಿದ್ದವು. ಭೂತ, ವರ್ತಮಾನ, ಭವಿಷ್ಯ ಅಂತೆಲ್ಲ ಜಾಗ ಗೊತ್ತು ಮಾಡಿರಲಿಲ್ಲ, ಸುಮ್ನೆ ಸಾಲಾಗಿ ಇಟ್ಟೆ.

ಆಮೇಲೆ ಯಾವ ಕಾರ್ಡ್‌ಗಳು ಒಟ್ಟಿಗೆ ಬಂದ್ರೆ ಏನರ್ಥ ಅಂತ ಹೇಳೋ ಕಾಂಬಿನೇಷನ್ ಪಟ್ಟಿಗಳನ್ನ ಹುಡುಕಿದೆ. ಒಂದು ಕಡೆ "ಮೂರನೇ ವ್ಯಕ್ತಿ", ಇನ್ನೊಂದು ಕಡೆ "ಗುಟ್ಟಿನ ಸಂಬಂಧ" ಅಂತಿತ್ತು. ನಿದ್ದೆ ಬರಲಿಲ್ಲ. ಮಂಗಳವಾರ ಅದೇ ಪ್ರಶ್ನೆಗೆ ಮತ್ತೆ ತೆಗೆದೆ: ನೈಟ್ ಆಫ್ ಕಪ್ಸ್, ತ್ರೀ ಆಫ್ ಸ್ವೋರ್ಡ್ಸ್, ಫೋರ್ ಆಫ್ ವಾಂಡ್ಸ್. ಬುಧವಾರ ಮತ್ತೆ: ಲವರ್ಸ್, ಡೆವಿಲ್, ಏಯ್ಟ್ ಆಫ್ ಕಪ್ಸ್. ಈಗ ಒಂಬತ್ತು ಕಾರ್ಡ್ ನನ್ನ ಮುಂದಿವೆ, ಒಂದಕ್ಕೊಂದು ಸೇರ್ತಿಲ್ಲ. ದಯವಿಟ್ಟು ಯಾರಾದ್ರೂ ಬಿಡಿಸಿ ಹೇಳಿ.

ಎಲೆಮರೆ

ಮೊದಲಿಗೆ, ಸಮಾಧಾನ ಮಾಡ್ಕೊಳಿ. ಆದ್ರೆ ನನಗೆ ಅನಿಸಿದ್ದನ್ನ ಮುಚ್ಚಿಡಲ್ಲ. ಸೆವೆನ್ ಆಫ್ ಸ್ವೋರ್ಡ್ಸ್ ಪಕ್ಕ ಮೂನ್ ನನ್ನ ರೀಡಿಂಗ್‌ಗಳಲ್ಲಿ ಎರಡು ಸಲ ಬಂದಿದೆ. ಎರಡು ಸಲವೂ ಎದುರಿನವರು ಏನನ್ನೋ ಬಚ್ಚಿಟ್ಟಿದ್ರು. ಒಂದು ಕಾರ್ಡ್ ಕದ್ದು ಹೋಗುವುದು, ಇನ್ನೊಂದು ಕತ್ತಲು. ಟೂ ಆಫ್ ಕಪ್ಸ್ ಜೋಡಿಯನ್ನ ತೋರಿಸ್ತಿದೆ, ಆ ಜೋಡಿಯಲ್ಲಿ ನೀವಿದ್ದೀರಾ ಇಲ್ವಾ ಅನ್ನೋದೇ ಪ್ರಶ್ನೆ. ಕಟುವಾಗಿ ಹೇಳಿದ್ರೆ ಕ್ಷಮಿಸಿ.

ಲೆಕ್ಕದಪುಸ್ತಕ

ಕಾಂಬಿನೇಷನ್ ಪಟ್ಟಿಗಳ ಬಗ್ಗೆ ಒಂದು ಮಾತು. ಡೆಕ್‌ನಲ್ಲಿ 78 ಕಾರ್ಡ್. ಎರಡೆರಡರ ಜೋಡಿಗಳೇ 3,003 ಆಗುತ್ತವೆ. ತಲೆಕೆಳಗಾಗಿ ಬರುವುದನ್ನೂ ಸೇರಿಸಿದರೆ 12,012. ಮೂರು ಕಾರ್ಡ್‌ಗಳನ್ನು ಎಡ, ನಡು, ಬಲ ಅಂತ ಕ್ರಮ ನೋಡಿ ಇಟ್ಟರೆ 4,56,456 ಬಗೆ. ಇಷ್ಟಕ್ಕೆಲ್ಲ ಅರ್ಥ ಬರೆದಿಟ್ಟ ಪಟ್ಟಿ ಇರೋಕೆ ಸಾಧ್ಯವಿಲ್ಲ. ಹಾಗಾಗಿ ಪಟ್ಟಿ ಬರೆಯುವವರು ಜನ ಹೆಚ್ಚು ಹುಡುಕುವ ಜೋಡಿಗಳನ್ನು, ಅಂದರೆ ಮೋಸ, ಮದುವೆ, ಬಿಟ್ಟುಹೋದವರು ವಾಪಸ್ ಬರುವುದು, ಇವನ್ನೇ ಬರೆಯುತ್ತಾರೆ. ನೀವು ಹೆದರಿ ಹುಡುಕಿದಾಗ ಹೆದರಿಸುವ ಉತ್ತರವೇ ಕೈಗೆ ಸಿಗುತ್ತದೆ.

"ಮೇಜರ್ ಅರ್ಕಾನಾ ಬಂದಿದೆ, ಇದು ವಿಧಿಯ ಮಾತು" ಅಂತ ಯಾರಾದರೂ ಹೇಳಿದರೆ ಇದನ್ನೂ ನೆನಪಿಡಿ: 78ರಲ್ಲಿ 22 ಮೇಜರ್, ಅಂದರೆ ಮೂನ್, ಲವರ್ಸ್, ಡೆವಿಲ್ ಥರ ಸ್ವಂತ ಹೆಸರಿರುವ ಕಾರ್ಡ್‌ಗಳು. ಮೂರು ಕಾರ್ಡ್ ತೆಗೆದಾಗ ಕನಿಷ್ಠ ಒಂದು ಮೇಜರ್ ಬರುವ ಸಾಧ್ಯತೆ ನೂರಕ್ಕೆ 64ರಷ್ಟು. ಮೂನ್ ಬಂತು ಅನ್ನುವುದರಲ್ಲೇ ಅಸಾಮಾನ್ಯವಾದದ್ದು ಏನೂ ಇಲ್ಲ.

ಹಳೇಡೆಕ್

ಇರುಳಹಕ್ಕಿ ಅವರೇ, ಮೊದಲು ಮಂಗಳವಾರ ಮತ್ತು ಬುಧವಾರದ ಆರು ಕಾರ್ಡ್‌ಗಳನ್ನು ಡೆಕ್ಕಿಗೆ ವಾಪಸ್ ಸೇರಿಸಿಬಿಡಿ. ಅವು ನಿಮ್ಮ ಪ್ರಶ್ನೆಗೆ ಬಂದ ಉತ್ತರವಲ್ಲ. ಸೋಮವಾರದ ಉತ್ತರ ಬೇಡವೆಂದು ಕೈ ಕಲಸಿದ ಕಾರ್ಡ್‌ಗಳು ಅವು. ಒಂದೇ ಪ್ರಶ್ನೆಯನ್ನು ಹತ್ತು ಜನರ ಬಳಿ ಕೇಳಿ ಹತ್ತೂ ಉತ್ತರ ಒಟ್ಟಿಗೆ ಹಿಡಿದುಕೊಂಡರೆ ಯಾರ ಮಾತೂ ಕೇಳಿಸುವುದಿಲ್ಲ.

ಈಗ ಸೋಮವಾರದ ಮೂರು. ನಿಮ್ಮದು ರೈಡರ್ ವೇಯ್ಟ್ ಚಿತ್ರಗಳ ಡೆಕ್ ಎಂದುಕೊಂಡು ಹೇಳುತ್ತೇನೆ. 1909ರಲ್ಲಿ ಲಂಡನ್‌ನಲ್ಲಿ ಬಂದ ಆ ಡೆಕ್‌ಗೆ ಚಿತ್ರ ಬರೆದವಳು ಪಮೇಲಾ ಕೋಲ್ಮನ್ ಸ್ಮಿತ್. ಬರಿ ಏಳು ಕತ್ತಿ, ಎರಡು ಬಟ್ಟಲು ಜೋಡಿಸಿ ಬಿಡದೆ ಪ್ರತಿ ಕಾರ್ಡಿನಲ್ಲೂ ಒಂದು ದೃಶ್ಯ ಇಟ್ಟಳು. ಹಾಗಾಗಿಯೇ ಪಕ್ಕಪಕ್ಕದ ಕಾರ್ಡ್‌ಗಳು ಒಂದನ್ನೊಂದು ನೋಡುತ್ತವೆ, ಬೆನ್ನು ಹಾಕುತ್ತವೆ, ದಾರಿ ತೋರಿಸುತ್ತವೆ. ಜೋಡಿ ಓದುವ ಕೆಲಸ ಅಲ್ಲಿಂದ ಶುರುವಾಗಬೇಕು. ಪುಸ್ತಕದ ಅರ್ಥ ಆಮೇಲೆ.

ನಿಮ್ಮ ಸಾಲಿನ ನಡುವಿನ ಕಾರ್ಡ್, ಸೆವೆನ್ ಆಫ್ ಸ್ವೋರ್ಡ್ಸ್ ನೋಡಿ. ಚಿತ್ರದಲ್ಲಿರುವವನು ಐದು ಕತ್ತಿಗಳನ್ನು ಅಲಗಿನಲ್ಲೇ ಹಿಡಿದಿದ್ದಾನೆ. ಹಿಡಿಯಲ್ಲಿ ಅಲ್ಲ, ಅಲಗಿನಲ್ಲಿ. ತುದಿಗಾಲಲ್ಲಿ ಎಡಕ್ಕೆ ಹೋಗುತ್ತಿದ್ದಾನೆ, ಮುಖ ಮಾತ್ರ ಹಿಂದಕ್ಕೆ, ಬಲಕ್ಕೆ ತಿರುಗಿದೆ. ಎರಡು ಕತ್ತಿ ನೆಲದಲ್ಲಿ ನೆಟ್ಟು ಅಲ್ಲೇ ಉಳಿದಿವೆ. ನಿಮ್ಮ ಸಾಲಿನಲ್ಲಿ ಅವನ ಎಡಕ್ಕಿರುವುದು ಟೂ ಆಫ್ ಕಪ್ಸ್, ಬಲಕ್ಕೆ ಮೂನ್. ಅಂದರೆ ಕಾಲು ಜೋಡಿಯ ಕಡೆಗೆ, ಕಣ್ಣು ಕತ್ತಲಿನ ಕಡೆಗೆ. ಜೋಡಿಯನ್ನು ಬಿಟ್ಟು ಓಡುವವನ ಚಿತ್ರ ಇದಲ್ಲ. ಸಂಬಂಧದತ್ತ ಹೋಗುತ್ತಲೇ, ಯಾರಾದರೂ ನೋಡಿಬಿಟ್ಟಾರು ಎಂದು ಹೆದರಿರುವವರ ಚಿತ್ರ. ಇದೇ ಮೂರು ಕಾರ್ಡ್ ತಿರುಗುಮುರುಗಾಗಿ ಮೂನ್, ಸೆವೆನ್, ಟೂ ಎಂದು ಬಂದಿದ್ದರೆ ನಾನು ಬೇರೆಯೇ ಹೇಳುತ್ತಿದ್ದೆ. ಅಲ್ಲಿ ಅವನು ಬಟ್ಟಲುಗಳನ್ನು ಹಿಂದೆ ಬಿಟ್ಟು ಮಂಕು ದಾರಿ ಹಿಡಿಯುತ್ತಾನೆ.

ಎರಡನೆಯದು ಧಾತುಗಳ ಲೆಕ್ಕ. 1888ರಲ್ಲಿ ಲಂಡನ್‌ನಲ್ಲಿ ಶುರುವಾದ ಗೋಲ್ಡನ್ ಡಾನ್ ಎಂಬ ಗುಪ್ತವಿದ್ಯೆಯ ಸಂಘದವರು ಜೋಡಿಗಳನ್ನು ಹೀಗೆ ತೂಗುತ್ತಿದ್ದರು. ನಿಮ್ಮ ಡೆಕ್ ಮಾಡಿಸಿದ ವೇಯ್ಟ್, ಚಿತ್ರ ಬರೆದ ಸ್ಮಿತ್ ಇಬ್ಬರೂ ಆ ಸಂಘದಲ್ಲಿದ್ದವರು. ಕಾರ್ಡ್‌ಗಳ ನಾಲ್ಕು ಪಂಗಡಗಳಲ್ಲಿ ವಾಂಡ್ಸ್ ಬೆಂಕಿ, ಕಪ್ಸ್ ನೀರು, ಸ್ವೋರ್ಡ್ಸ್ ಗಾಳಿ, ಪೆಂಟಕಲ್ಸ್ ಮಣ್ಣು. ಬೆಂಕಿಗೂ ನೀರಿಗೂ ಆಗದು, ಗಾಳಿಗೂ ಮಣ್ಣಿಗೂ ಆಗದು. ಆಗದವು ಪಕ್ಕದಲ್ಲಿ ಕೂತರೆ ಒಂದರ ಬಲವನ್ನೊಂದು ತಗ್ಗಿಸುತ್ತವೆ. ಉಳಿದವು ಹೊಂದಿಕೊಳ್ಳುತ್ತವೆ. ಮೇಜರ್‌ಗಳಿಗೂ ಧಾತು ಇದೆ. ಮೂನ್‌ಗೆ ಅವರು ಕೊಟ್ಟದ್ದು ಮೀನ ರಾಶಿ, ಅದು ನೀರು. ಹಾಗಾದರೆ ನಿಮ್ಮ ಸಾಲು ನೀರು, ಗಾಳಿ, ನೀರು. ನಡುವಿನ ಕತ್ತಿಯ ಎರಡೂ ಕಡೆ ನೀರೇ ತುಂಬಿದೆ. ಇಲ್ಲಿ ಜೋರಾಗಿ ಮಾತಾಡುತ್ತಿರುವುದು ಭಾವನೆ. ಕತ್ತಿಯವನ ಕೆಲಸಕ್ಕಿಂತ ಅವನ ಸುತ್ತಲಿನ ಒದ್ದೆ ಹೆಚ್ಚು.

ಮೂರನೆಯದನ್ನು ಸ್ವಲ್ಪ ಅಳುಕಿನಿಂದಲೇ ಹೇಳುತ್ತೇನೆ. ನೀವು ಕೇಳಿದ್ದು ಅವನ ಮನಸ್ಸಲ್ಲಿ ಏನಿದೆ ಎಂದು. ಕಾರ್ಡ್ ಕಲಸಿದ್ದು ನಿಮ್ಮ ಕೈ. ಇಷ್ಟು ವರ್ಷದಲ್ಲಿ ನಾನು ಕಂಡಂತೆ, ಅಲ್ಲಿಲ್ಲದವರ ಮನಸ್ಸನ್ನು ಕೇಳಿದಾಗ ಕಾರ್ಡ್‌ಗಳು ಬಹಳ ಸಲ ಕೇಳಿದವರ ಮನಸ್ಸನ್ನೇ ತೋರಿಸುತ್ತವೆ. ಹಾಗಿರುವಾಗ ಐದು ಕತ್ತಿ ಯಾರ ಕೈಯಲ್ಲಿವೆ ಎಂದು ಒಮ್ಮೆ ನೋಡಿಕೊಳ್ಳಿ. ಇಲ್ಲಿ ಹೇಳಬೇಕಿಲ್ಲ.

ತುಂಬೆಹೂ

ಹಳೇಡೆಕ್ ಅಕ್ಕ ಹೇಳಿದ ಮೊದಲನೇ ಮಾತಿಗೆ ನಾನೇ ಸಾಕ್ಷಿ. ನಾಲ್ಕು ವರ್ಷದ ಹಿಂದೆ ನಮ್ಮಿಬ್ಬರ ಸಂಬಂಧ ಮುರೀತು. ಹಣ ಕೊಟ್ಟು ಒಬ್ಬರ ಹತ್ರ ರೀಡಿಂಗ್ ಮಾಡಿಸಿದೆ. ಸಿಕ್ಸ್ ಆಫ್ ಕಪ್ಸ್, ಜಡ್ಜ್‌ಮೆಂಟ್ ಬಂತು. "ಹಳೆಯ ಪ್ರೀತಿ, ಮೇಲೆ ಎದ್ದುಬರುವ ಕಾರ್ಡ್, ಮೂರು ತಿಂಗಳಲ್ಲಿ ವಾಪಸ್ ಬರ್ತಾರೆ" ಅಂದ್ರು. ಮೂರು ತಿಂಗಳಿಗೆ ಬರಲಿಲ್ಲ. ಮತ್ತೆ ಹೋದೆ, ಇನ್ನೊಂದು ಜೋಡಿ, ಇನ್ನೊಂದು ದಿನಾಂಕ. ಹೀಗೆ ಹದಿನಾಲ್ಕು ತಿಂಗಳು. ಆ ಹದಿನಾಲ್ಕು ತಿಂಗಳಲ್ಲಿ ಅವರ ನಂಬರ್ ಡಿಲೀಟ್ ಮಾಡಲಿಲ್ಲ, ಅವರು ಕೊಟ್ಟ ಸ್ವೆಟರ್ ಕಪಾಟಿನಲ್ಲಿ ಎದುರಿಗೇ ಇತ್ತು.

ಆಮೇಲೆ ನಾನೇ ಕಲಿಯೋಕೆ ಕೂತಾಗ ಆ ಸಿಕ್ಸ್ ಆಫ್ ಕಪ್ಸ್ ಕಾರ್ಡನ್ನ ಕೈಯಲ್ಲಿ ಹಿಡಿದು ನೋಡಿದೆ. ಅದರಲ್ಲಿರೋದು ಮಕ್ಕಳು. ಹೂವಿಟ್ಟ ಬಟ್ಟಲನ್ನ ಒಬ್ಬ ಹುಡುಗ ಪುಟ್ಟ ಹುಡುಗಿಗೆ ಕೊಡ್ತಿದ್ದಾನೆ. ಯಾರೂ ಎಲ್ಲಿಂದಲೂ ವಾಪಸ್ ಬರ್ತಿಲ್ಲ. ಅದು ನೆನಪಿನ ಕಾರ್ಡ್. ಜಡ್ಜ್‌ಮೆಂಟ್‌ನಲ್ಲಿ ಕಹಳೆ ಕೇಳಿ ಸತ್ತವರು ಶವಪೆಟ್ಟಿಗೆಯಿಂದ ಮೇಲೆದ್ದು ನಿಲ್ತಾರೆ. ಎರಡನ್ನೂ ಜೋಡಿಸಿದ್ರೆ "ನೆನಪಿನೊಳಗಿಂದ ಎದ್ದು ಬಾ" ಅಂತ ನನಗೇ ಹೇಳಿದ ಹಾಗಿತ್ತು. ಆ ಅರ್ಥವನ್ನ ಅವತ್ತು ಯಾರಾದ್ರೂ ಹೇಳಿದ್ರೆ ಒಂದು ವರ್ಷ ಉಳೀತಿತ್ತು. ಇದನ್ನ ಬರೆಯುವಾಗಲೂ ಗಂಟಲು ಕಟ್ಟುತ್ತೆ.

ರೀಡಿಂಗ್ ಮಾಡುವವರು ದಯವಿಟ್ಟು ಪ್ರೀತಿಯ ವಿಷಯದಲ್ಲಿ ತಾರೀಖು ಕೊಡಬೇಡಿ. ಕೇಳುವವರು ಅದನ್ನ ಹಿಡಿದುಕೊಂಡೇ ಬದುಕ್ತಾರೆ.

ಎಲೆಮರೆ

ಹಳೇಡೆಕ್ ಅವರಿಗೆ ನನ್ನದೊಂದು ತಕರಾರು, ಗೌರವದಿಂದಲೇ. ಕತ್ತಿಯವನು ಅವನೂ ಆಗಬಹುದು, ಪ್ರಶ್ನೆ ಕೇಳಿದವಳೂ ಆಗಬಹುದು, ಸಿಕ್ಸ್ ಆಫ್ ಕಪ್ಸ್ ವಾಪಸ್ ಬರುವುದೂ ಆಗಬಹುದು, ಬಿಟ್ಟುಬಿಡುವುದೂ ಆಗಬಹುದು ಅಂದ್ರೆ, ಯಾವ ಕಾರ್ಡಿಗೆ ಯಾವ ಅರ್ಥ ಬೇಕಾದ್ರೂ ಹೇಳಬಹುದಲ್ವಾ? ಹಾಗಾದ್ರೆ ಕಾರ್ಡ್ ಯಾಕೆ ಬೇಕು? ಪಟ್ಟಿ ನೋಡಿ ಓದುವವರು ಕನಿಷ್ಠ ಒಂದು ಮಾತಿಗೆ ನಿಲ್ತಾರೆ.

ಲೆಕ್ಕದಪುಸ್ತಕ

ಈ ಪ್ರಶ್ನೆ ನನ್ನದೂ ಹೌದು. 1948ರಲ್ಲಿ ಬರ್ಟ್ರಮ್ ಫೋರರ್ ಎಂಬ ಮನಶ್ಶಾಸ್ತ್ರಜ್ಞ 39 ವಿದ್ಯಾರ್ಥಿಗಳಿಗೆ "ಇದು ನಿನ್ನ ಸ್ವಭಾವದ ವಿವರ" ಎಂದು ಒಂದೊಂದು ಹಾಳೆ ಕೊಟ್ಟ. ಎಷ್ಟು ಸರಿಯಾಗಿದೆ ಎಂದು ಐದಕ್ಕೆ ಅಂಕ ಕೊಡಿ ಎಂದ. ಸರಾಸರಿ 4.26 ಬಂತು. ಎಲ್ಲರಿಗೂ ಕೊಟ್ಟದ್ದು ಒಂದೇ ಹಾಳೆ. ಯಾರಿಗೆ ಬೇಕಾದರೂ ಹೊಂದುವ ಮಾತು ಎಲ್ಲರಿಗೂ ತಮ್ಮದೇ ಅನಿಸುತ್ತದೆ. ಪ್ರೀತಿಯಲ್ಲಿ ನೊಂದವರಿಗೆ ಇನ್ನೂ ಬೇಗ ಅನಿಸುತ್ತದೆ. ಕಾರ್ಡ್ ಮುಂದಿನದನ್ನು ಹೇಳುತ್ತದೆ ಎಂದು ನಾನು ನಂಬುವುದಿಲ್ಲ. ಆದರೂ ಈ ಚರ್ಚೆಗಳನ್ನು ಬಿಡದೆ ಓದುತ್ತೇನೆ. ಜನ ಬೇರೆಲ್ಲೂ ಹೇಳದ ಮಾತನ್ನು ಒಂದು ಚಿತ್ರ ಮುಂದಿಟ್ಟಾಗ ಹೇಳುವುದನ್ನು ಇಲ್ಲಿ ಕಂಡಿದ್ದೇನೆ.

ಹಳೇಡೆಕ್

ಎಲೆಮರೆ, ತಕರಾರು ನ್ಯಾಯವಾದದ್ದೇ. ಯಾವ ಅರ್ಥ ಬೇಕಾದರೂ ಹೇಳಲು ಬರುವುದಿಲ್ಲ. ಚಿತ್ರ ಗಡಿ ಹಾಕುತ್ತದೆ. ಸೆವೆನ್ ಆಫ್ ಸ್ವೋರ್ಡ್ಸ್‌ನಲ್ಲಿ ಎಲ್ಲವೂ ಬಟಾಬಯಲಾಗಿದೆ ಎಂದು ನಾನು ಹೇಳಲಾರೆ. ಅಲ್ಲಿ ಯಾರೋ ಯಾರಿಗೂ ಕಾಣದಂತೆ ಏನನ್ನೋ ಎತ್ತಿಕೊಂಡಿದ್ದಾರೆ, ಅಷ್ಟು ಖಚಿತ. ಅದು ದೇಹದ ಮೋಸವೋ, ಹೇಳದೆ ಉಳಿಸಿಕೊಂಡ ಸಾಲವೋ, ಇನ್ನೊಬ್ಬರ ಡೈರಿ ಓದಿದ್ದೋ, ಅದನ್ನು ಕಾರ್ಡ್ ಹೇಳುವುದಿಲ್ಲ. ಪಟ್ಟಿ ತಪ್ಪುವುದು ಅಲ್ಲೇ. "ಬಚ್ಚಿಟ್ಟದ್ದು" ಎಂಬಲ್ಲಿಗೆ ನಿಲ್ಲದೆ "ಇನ್ನೊಬ್ಬಳು" ಎಂಬಲ್ಲಿಗೆ ಜಿಗಿಯುತ್ತದೆ. ನಿಮ್ಮ ಎರಡು ರೀಡಿಂಗ್‌ಗಳಲ್ಲೂ ಏನನ್ನೋ ಬಚ್ಚಿಟ್ಟಿದ್ದರು ಎಂದಿರಿ, ಸರಿ. ಎರಡೂ ಸಲ ಅದು ಇನ್ನೊಬ್ಬ ವ್ಯಕ್ತಿಯೇ ಆಗಿತ್ತಾ?

ಜೋಡಿಯ ಪಕ್ಕದ ಕಾರ್ಡ್ ಬಂದಾಗ ಗಡಿ ಇನ್ನಷ್ಟು ಬಿಗಿಯಾಗುತ್ತದೆ. ನೈಟ್ ಆಫ್ ಕಪ್ಸ್ ಒಬ್ಬನೇ ಬಂದರೆ ಬಟ್ಟಲು ಹಿಡಿದು ಪ್ರೀತಿ ಹೇಳಿಕೊಳ್ಳಲು ಬರುವವ. ಅವನ ಪಕ್ಕ ಸೆವೆನ್ ಆಫ್ ಕಪ್ಸ್ ಕೂತರೆ ಆ ಬಟ್ಟಲಿನಲ್ಲಿ ಕನಸುಗಳೇ ಹೆಚ್ಚು. ಹೇಳುವುದು ನಿಜ ಇರಬಹುದು, ಹೇಳಿದ್ದನ್ನು ನಡೆಸುವ ಖಾತ್ರಿ ಇಲ್ಲ. ಅದೇ ಪಕ್ಕದಲ್ಲಿ ನೈಟ್ ಆಫ್ ಪೆಂಟಕಲ್ಸ್ ಕೂತರೆ? ನಾಲ್ವರು ನೈಟ್‌ಗಳಲ್ಲಿ ಕುದುರೆ ನಾಲ್ಕೂ ಕಾಲು ಊರಿ ನಿಂತಿರುವುದು ಅವನದು ಮಾತ್ರ. ಅವನು ಮಾತಾಡುವುದು ಕಡಿಮೆ, ನಿಧಾನ, ಆದರೆ ಬಿಟ್ಟು ಹೋಗುವುದಿಲ್ಲ. ಆ ಎರಡು ಒಟ್ಟಿಗೆ ಬಂದಾಗ ನಾನು ಕೇಳುವ ಪ್ರಶ್ನೆ ಒಂದೇ: ನಿಮಗೆ ಯಾವುದು ಪ್ರೀತಿ ಅನಿಸುತ್ತದೆ, ಮಾತೋ, ಬಿಡದೆ ಜೊತೆಗೆ ನಿಲ್ಲುವುದೋ?

ಲೆಕ್ಕದಪುಸ್ತಕ, ನೀವು ನಂಬಬೇಕೆಂದು ನನಗೇನೂ ಹಟವಿಲ್ಲ. ಟ್ಯಾರೋ ಹುಟ್ಟಿದ್ದು 15ನೇ ಶತಮಾನದ ಉತ್ತರ ಇಟಲಿಯಲ್ಲಿ, ಇಸ್ಪೀಟಿನ ಥರದ ಆಟವಾಗಿ. ಭವಿಷ್ಯ ನೋಡುವ ಬಳಕೆ ಬೆಳೆದದ್ದು 18ನೇ ಶತಮಾನದಲ್ಲಿ. ಕಾರ್ಡಿಗೆ ದೈವ ಇದೆ ಎಂದು ನಾನೂ ಹೇಳಿದವಳಲ್ಲ.

ಎಲೆಮರೆ

ಎರಡರಲ್ಲಿ ಒಂದು ಕೆಲಸ ಕಳ್ಕೊಂಡಿದ್ದು. ಮನೆಯವರಿಗೆ ಹೇಳದೆ ಎರಡು ತಿಂಗಳು ಬೆಳಿಗ್ಗೆ ಬ್ಯಾಗ್ ಹಾಕ್ಕೊಂಡು ಹೊರಡ್ತಿದ್ರು. ನೀವು ಕೇಳುವ ತನಕ ಎರಡನ್ನೂ ಒಂದೇ ಲೆಕ್ಕಕ್ಕೆ ಹಾಕ್ಕೊಂಡಿದ್ದೆ. ಇರುಳಹಕ್ಕಿ, ನನ್ನ ಮೊದಲ ಉತ್ತರವನ್ನ ವಾಪಸ್ ತಗೋತೀನಿ. ಅಷ್ಟು ದೂರ ಹೋಗೋ ಹಕ್ಕು ನನಗಿರಲಿಲ್ಲ.

ಮಿಂಚುಹುಳ

ಮಧ್ಯೆ ಬಾಯಿ ಹಾಕ್ತಿದೀನಿ. ಲವರ್ಸ್, ಡೆವಿಲ್ ಜೋಡಿಯಾಗಿ ಬಂದ್ರೆ ಎಲ್ಲರೂ "ವಿಷಕಾರಿ ಸಂಬಂಧ, ಬಿಟ್ಟುಬಿಡಿ" ಅಂತಾರೆ. ಹಾಗೇನಾ? ನನಗೆ ಹೋದ ವಾರ ಅದೇ ಬಂತು. ನಾವಿಬ್ಬರೂ ಚೆನ್ನಾಗೇ ಇದೀವಿ.

ಹಳೇಡೆಕ್

ಮಿಂಚುಹುಳ, ನಿಮ್ಮದು ಒಳ್ಳೆಯ ಜೋಡಿ, ಎರಡೂ ಕಾರ್ಡ್ ಪಕ್ಕಪಕ್ಕ ಇಟ್ಟುಕೊಂಡು ಓದಿ. ಲವರ್ಸ್ 6, ಡೆವಿಲ್ 15. ಒಂದು, ಐದು ಕೂಡಿದರೆ ಮತ್ತೆ ಆರು. ಚಿತ್ರವೂ ಹಾಗೇ, ಒಂದೇ ಮನೆಯ ಎರಡು ಕೋಣೆಗಳಂತೆ. ಲವರ್ಸ್‌ನಲ್ಲಿ ಹೆಣ್ಣಿನ ಹಿಂದೆ ಹಣ್ಣಿನ ಮರ, ಗಂಡಿನ ಹಿಂದೆ ಜ್ವಾಲೆಗಳ ಮರ. ಡೆವಿಲ್‌ನಲ್ಲಿ ಅದೇ ಇಬ್ಬರು ನಿಂತಿದ್ದಾರೆ. ಈಗ ಅವಳ ಬಾಲದ ತುದಿಯಲ್ಲಿ ದ್ರಾಕ್ಷಿಗೊಂಚಲು, ಅವನ ಬಾಲದ ತುದಿಯಲ್ಲಿ ಬೆಂಕಿ. ಹಿಂದೆ ಮರದಲ್ಲಿದ್ದದ್ದು ಮೈಗೆ ಅಂಟಿಕೊಂಡಿದೆ. ಕೊರಳಿನ ಸರಪಳಿ ಮಾತ್ರ ಎಷ್ಟು ಸಡಿಲ ಅಂದರೆ ಕೈಯೆತ್ತಿ ತೆಗೆದು ಹಾಕಬಹುದು.

ಚೆನ್ನಾಗಿರುವವರಿಗೆ ಈ ಜೋಡಿ ಬಂದಾಗ ನಾನು ಕೇಳುವುದು ಇಷ್ಟೇ: ಆರಿಸಿಕೊಂಡು ಮಾಡುತ್ತಿದ್ದ ಯಾವುದು ಈಗ ಅಭ್ಯಾಸವಾಗಿ ಹೋಗಿದೆ? ರಾತ್ರಿ ಫೋನ್ ಮಾಡಲೇಬೇಕು ಅನ್ನುವುದು ಪ್ರೀತಿಯಿಂದಲೋ, ಮಾಡದಿದ್ದರೆ ಜಗಳವಾಗುತ್ತದೆ ಎಂದೋ? ಹಳೆಯ ಮಾರ್ಸೇ ಎಂಬ ಫ್ರೆಂಚ್ ಮಾದರಿಯ ಡೆಕ್‌ಗಳಲ್ಲಿ ಲವರ್ಸ್ ಕಾರ್ಡಿನಲ್ಲಿ ಇಬ್ಬರು ಹೆಂಗಸರ ನಡುವೆ ಒಬ್ಬ ಗಂಡಸು ನಿಂತಿರುತ್ತಾನೆ, ಮೇಲೆ ಬಾಣ ಹೂಡಿದ ಮನ್ಮಥ. ಈ ಕಾರ್ಡಿನ ಬೇರು ಆಯ್ಕೆ. ಡೆವಿಲ್ ಪಕ್ಕ ಬಂದರೆ ಆಯ್ಕೆ ಮರೆತುಹೋಗಿದೆ ಎನ್ನುವುದರ ಕಡೆ ಬೆರಳು ತೋರಿಸುತ್ತದೆ. ಸಂಬಂಧ ಬಿಡಿ ಎಂದು ಅದರಲ್ಲಿ ಎಲ್ಲೂ ಬರೆದಿಲ್ಲ. ಹೊಡೆತ, ಬೆದರಿಕೆ ಇರುವ ಕಡೆ ಮಾತ್ರ ನಾನು ಕಾರ್ಡನ್ನೇ ತೆಗೆಯುವುದಿಲ್ಲ. ಅಲ್ಲಿ ಬೇಕಾದ್ದು ನಂಬಿಕಸ್ಥ ಮನುಷ್ಯರ ಸಹಾಯ.

ತುಂಬೆಹೂ

ಸರಪಳಿ ಸಡಿಲ ಇರೋದನ್ನ ನಾನು ಇಷ್ಟು ವರ್ಷ ಗಮನಿಸಿರಲೇ ಇಲ್ಲ. ಈಗ ಕಾರ್ಡ್ ತೆಗೆದು ನೋಡ್ದೆ.

ಇರುಳಹಕ್ಕಿ

ಎರಡು ದಿನ ಏನೂ ಬರೆಯೋಕಾಗಲಿಲ್ಲ. ಹಳೇಡೆಕ್ ಅಕ್ಕ "ಐದು ಕತ್ತಿ ಯಾರ ಕೈಯಲ್ಲಿವೆ" ಅಂದಾಗ ನನಗೆ ಮೊದಲು ಸಿಟ್ಟೇ ಬಂತು. ನೊಂದಿರೋಳು ನಾನು, ನನ್ನನ್ನೇ ಕೇಳ್ತಿದ್ದಾರಲ್ಲ ಅಂತ. ಇಲ್ಲಿ ಹೇಳಬೇಕಿಲ್ಲ ಅಂದ್ರಿ, ಆದ್ರೆ ಹೇಳಿಬಿಡ್ತೀನಿ.

ಅವನ ಇಮೇಲ್ ಪಾಸ್‌ವರ್ಡ್ ನನಗೆ ಗೊತ್ತು. ಒಂದು ಫಾರ್ಮ್ ತುಂಬೋಕೆ ಅಂತ ಹಿಂದೆ ಅವನೇ ಕೊಟ್ಟಿದ್ದ. ಆರು ವಾರದಿಂದ ದಿನಾ ರಾತ್ರಿ ತೆರೆದು ನೋಡ್ತಿದೀನಿ. ಓದದೇ ಇರೋ ಮೇಲ್ ಓದಿದ್ರೆ ಮತ್ತೆ "ಓದಿಲ್ಲ" ಅಂತ ಗುರುತು ಹಾಕಿ ಮುಚ್ತೀನಿ. ಏನೂ ಸಿಕ್ಕಿಲ್ಲ. ಬಿಲ್ಲು, ಆಫೀಸಿನ ಪತ್ರ ಅಷ್ಟೆ. ಸಿಗಲಿಲ್ಲ ಅಂತ ಸಮಾಧಾನ ಆಗೋ ಬದಲು ಇನ್ನೂ ಹುಡುಕ್ತಿದೀನಿ. ಕಾರ್ಡ್ ತೆಗೆದ ಸೋಮವಾರವೂ ಮೊದಲು ಮೇಲ್ ನೋಡಿಯೇ ಕೂತಿದ್ದು.

ತುದಿಗಾಲಲ್ಲಿ ಹೋಗ್ತಾ ಹಿಂದಿರುಗಿ ನೋಡ್ತಿರೋದು ನಾನೇ. ಕತ್ತಿಯನ್ನ ಅಲಗಿನಲ್ಲಿ ಹಿಡಿದರೆ ಕೊಯ್ಯೋದು ಹಿಡಿದವರ ಕೈಯನ್ನೇ ಅಂತ ಈಗ ಗೊತ್ತಾಗ್ತಿದೆ.

ಅವನು ಯಾಕೆ ಮೌನವಾಗಿದ್ದಾನೆ ಅನ್ನೋದು ಇನ್ನೂ ಗೊತ್ತಿಲ್ಲ. ಅದು ಬೇರೆ ಪ್ರಶ್ನೆ.

ಲೆಕ್ಕದಪುಸ್ತಕ

ಇದನ್ನು ಬರೆಯಲು ಧೈರ್ಯ ಬೇಕು. ನಿಮಗೆ ನಮಸ್ಕಾರ. ಮೊದಲ ಕೆಲಸ, ಆ ಖಾತೆಯಿಂದ ಲಾಗೌಟ್ ಆಗಿ. ಅದಕ್ಕೆ ಅವನ ಜೊತೆ ಮಾತಾಡುವ ತನಕ ಕಾಯಬೇಕಿಲ್ಲ.

ಎಲೆಮರೆ

ಅವನಿಗೆ ಹೇಳ್ತೀರಾ?

ಹಳೇಡೆಕ್

ಅದನ್ನು ಅವರೇ ನಿರ್ಧರಿಸಲಿ, ಎಲೆಮರೆ.

ಇರುಳಹಕ್ಕಿ, ಕಾರ್ಡಿನ ಬಗ್ಗೆ ಮಾತ್ರ ಹೇಳುತ್ತೇನೆ. ಮೂನ್‌ನಲ್ಲಿ ನೀರಿನಿಂದ ಒಂದು ಸೀಗಡಿಯಂಥ ಜೀವಿ ತೆವಳಿಕೊಂಡು ದಡಕ್ಕೆ ಬರುತ್ತಿದೆ, ಅದರ ಮುಂದೆ ಒಂದು ದಾರಿ. ದಾರಿ ಎರಡು ಗೋಪುರಗಳ ನಡುವೆ ಹಾದು ಹೋಗುತ್ತದೆ. ಅಂಥವೇ ಎರಡು ಗೋಪುರಗಳು ಡೆತ್ ಕಾರ್ಡಿನ ಹಿನ್ನೆಲೆಯಲ್ಲೂ ಇವೆ, ಅಲ್ಲಿ ಅವುಗಳ ನಡುವೆ ಸೂರ್ಯ. ನೀವು ಈಗ ಮಾಡಿದ್ದು ಆ ತೆವಳುವ ಕೆಲಸ.

ಮುಂದೆ ಎಂದಾದರೂ ಇದೇ ವಿಷಯಕ್ಕೆ ಕಾರ್ಡ್ ತೆಗೆಯಬೇಕು ಅನಿಸಿದರೆ ಪ್ರಶ್ನೆ ಬದಲಿಸಿ. "ಅವನ ಮನಸ್ಸಲ್ಲಿ ಯಾರಿದ್ದಾರೆ" ಬೇಡ. "ಈ ಮಾತನ್ನು ಅವನ ಮುಂದೆ ಎತ್ತಲು ನನಗೆ ಏನು ಬೇಕು" ಎಂದು ಕೇಳಿ. ಎರಡೇ ಕಾರ್ಡ್ ಸಾಕು. ಒಂದು, ನಾನು ಹಿಡಿದುಕೊಂಡಿರುವುದು. ಇನ್ನೊಂದು, ಕೆಳಗಿಡಬೇಕಾದದ್ದು. ಜಾಗಕ್ಕೆ ಹೆಸರಿಟ್ಟ ಮೇಲೇ ಕಾರ್ಡ್ ಎತ್ತಿ. ತೆಗೆದದ್ದನ್ನು ತಾರೀಖು ಹಾಕಿ ನೋಟ್‌ಬುಕ್‌ನಲ್ಲಿ ಬರೆದಿಡಿ, ಒಂದು ತಿಂಗಳು ಅದೇ ಪ್ರಶ್ನೆಗೆ ಡೆಕ್ ಮುಟ್ಟಬೇಡಿ.

ಇರುಳಹಕ್ಕಿ

ನಿನ್ನೆ ರಾತ್ರಿ ಫೋನ್ ಮಾಡಿ ಹೇಳಿದೆ. ಮೇಲ್ ನೋಡಿದ್ದು, ಎಷ್ಟು ದಿನದಿಂದ ಅನ್ನೋದು, ಎಲ್ಲವನ್ನೂ. ಅವನು ತುಂಬಾ ಹೊತ್ತು ಮಾತಾಡಲಿಲ್ಲ. ಫೋನ್ ಕಟ್ ಆಯ್ತೇನೋ ಅಂತ ಎರಡು ಸಲ ಸ್ಕ್ರೀನ್ ನೋಡಿದೆ. ಆಮೇಲೆ "ನನಗೆ ಸಿಟ್ಟು ಬಂದಿದೆ, ಆದ್ರೆ ನಾನೂ ನಿನ್ನ ಹತ್ರ ಸರಿಯಾಗಿ ಮಾತಾಡಿ ತಿಂಗಳಾಯ್ತು, ಶನಿವಾರ ಬರ್ತೀನಿ, ಕೂತು ಮಾತಾಡೋಣ" ಅಂದ. ಪಾಸ್‌ವರ್ಡ್ ಬದಲಿಸಿಕೊಂಡ. ನಾನೇ ಬದಲಿಸು ಅಂದೆ.

ಶನಿವಾರ ಏನಾಗುತ್ತೋ ಗೊತ್ತಿಲ್ಲ. ಡೆಕ್ ಬಟ್ಟೆಯಲ್ಲಿ ಸುತ್ತಿ ಮೇಲಿನ ಶೆಲ್ಫ್‌ನಲ್ಲಿ ಇಟ್ಟಿದೀನಿ. ಸೋಮವಾರದ ಮೂರು ಕಾರ್ಡ್‌ಗಳನ್ನ ಮಾತ್ರ ಇನ್ನೂ ಒಳಗೆ ಸೇರಿಸಿಲ್ಲ. ಮೇಜಿನ ಮೇಲೆ ಅದೇ ಕ್ರಮದಲ್ಲಿ ಇವೆ.

ತುಂಬೆಹೂ

ಭಾನುವಾರ ಬಂದು ಬರೀರಿ. ಏನೇ ಆಗಿರಲಿ, ನಾವು ಇಲ್ಲೇ ಇರ್ತೀವಿ.